ಎಲೆ ಹೀರಿದ ಬೆಳಕಿನ ಮೂರು ಪಾಲು: ಪ್ರತಿದೀಪ್ತಿ ಮಾಪಕ ಕಟ್ಟಿದ ದಾಖಲೆ

ಎಲೆ ಹೀರಿಕೊಂಡ ಬೆಳಕೆಲ್ಲ ಸಕ್ಕರೆಯಾಗುವುದಿಲ್ಲ. ಒಂದು ಪಾಲು ಬೆಳಕನ್ನು ಕೆಲಸಕ್ಕೆ ಹಚ್ಚುವ ಫೋಟೊಸಿಸ್ಟಂ 2 ಎಂಬ ಪ್ರೋಟೀನ್ ಗುಂಪಿನಲ್ಲಿ ಎಲೆಕ್ಟ್ರಾನ್ ಓಡಿಸುತ್ತದೆ. ಇನ್ನೊಂದು ಪಾಲನ್ನು ಎಲೆ ತಾನೇ ಹದ ನೋಡಿಕೊಂಡು ಬಿಸಿಯಾಗಿ ಹೊರಗೆ ಬಿಡುತ್ತದೆ. ಮೂರನೆಯದು ಎಲೆಯ ಹಿಡಿತಕ್ಕೆ ಸಿಗದೆ ಹೆಚ್ಚಿನಂಶ ಬಿಸಿಯಾಗಿ, ಸ್ವಲ್ಪ ಕೆಂಪು ಪ್ರತಿದೀಪ್ತಿಯಾಗಿ (ಹೀರಿದ್ದನ್ನು ಮತ್ತೆ ಬೆಳಕಾಗಿ ಬಿಡುವುದು) ಸೋರಿಹೋಗುತ್ತದೆ. ಆ ಸೋರುವ ಕೆಂಪು ಬೆಳಕನ್ನು ಸರಿಯಾದ ಹೊತ್ತಿನಲ್ಲಿ ಅಳೆದರೆ ಮೂರೂ ಪಾಲು ಲೆಕ್ಕಕ್ಕೆ ಸಿಗುತ್ತವೆ. ಮುಂದೆ ಇವನ್ನು ಕೆಲಸದ ಪಾಲು, ರಕ್ಷಣೆಯ ಪಾಲು, ಸೋರಿಕೆಯ ಪಾಲು ಎಂದು ಕರೆದಿದ್ದೇನೆ. ಪ್ರಯೋಗಾಲಯಗಳಲ್ಲಿ ಇವಕ್ಕೆ ಫೈ ಪಿಎಸ್2, ಫೈ ಎನ್‌ಪಿಕ್ಯೂ, ಫೈ ಎನ್‌ಒ ಎಂಬ ಹೆಸರುಗಳಿವೆ.

ಅಳೆಯಬೇಕಾದ ಮಟ್ಟಗಳು ನಾಲ್ಕು. ಕತ್ತಲಲ್ಲಿಟ್ಟ ಎಲೆಯ ತಳಮಟ್ಟ ಎಫ್‌ಒ. ಅದೇ ಎಲೆಗೆ ಕಣ್ಣು ಕುಕ್ಕುವಷ್ಟು ಬೆಳಕನ್ನು ಒಂದು ಕ್ಷಣ (ಇದೇ ಝಳಪು) ಕೊಟ್ಟಾಗ ಏರುವ ಗರಿಷ್ಠ ಎಫ್‌ಎಂ. ಬೆಳಕಿನಲ್ಲಿ ಎಲೆ ಹೊಂದಿಕೊಂಡ ಮೇಲಿನ ಮಟ್ಟ ಎಫ್‌ಎಸ್. ಆ ಸ್ಥಿತಿಯಲ್ಲಿ ಮತ್ತೆ ಝಳಪು ಕೊಟ್ಟಾಗಿನ ಗರಿಷ್ಠವನ್ನು ಇಲ್ಲಿ ಬೆಳಕಿನ ಎಫ್‌ಎಂ ಎಂದಿದ್ದೇನೆ. ಲೆಕ್ಕ ಹೀಗೆ:

ಕೆಲಸದ ಪಾಲು = (ಬೆಳಕಿನ ಎಫ್‌ಎಂ − ಎಫ್‌ಎಸ್) ÷ ಬೆಳಕಿನ ಎಫ್‌ಎಂ
ಸೋರಿಕೆಯ ಪಾಲು = ಎಫ್‌ಎಸ್ ÷ ಎಫ್‌ಎಂ
ರಕ್ಷಣೆಯ ಪಾಲು = (ಎಫ್‌ಎಸ್ ÷ ಬೆಳಕಿನ ಎಫ್‌ಎಂ) − (ಎಫ್‌ಎಸ್ ÷ ಎಫ್‌ಎಂ)

ಮೊದಲನೆಯದು 1989ರಲ್ಲಿ ಜೆಂಟಿ, ಬ್ರಿಯಾಂಟೇ, ಬೇಕರ್ ಕೊಟ್ಟ ಸೂತ್ರ. ಮೂರು ಪಾಲಿನ ಈ ಸರಳ ರೂಪ 2004ರಲ್ಲಿ ಹೆಂಡ್ರಿಕ್‌ಸನ್ ಮತ್ತು ಸಂಗಡಿಗರದು. ಕಟ್ಟಲು ಕೂರುವ ಮೊದಲೇ ಒಂದು ಮಾತು ಮನಸ್ಸಿನಲ್ಲಿರಲಿ. ಈ ಮೂರನ್ನೂ ಕೂಡಿಸಿದರೆ ಯಾವಾಗಲೂ 1 ಬರುತ್ತದೆ. ಮಾಪಕ ಪೂರ್ತಿ ಕೆಟ್ಟಿದ್ದರೂ ಬರುತ್ತದೆ, ಏಕೆಂದರೆ ಸೂತ್ರವೇ ಹಾಗಿದೆ. ಒಂದು ಬಂತು, ಹಾಗಾದರೆ ಸರಿಯಿದೆ ಎಂದುಕೊಂಡರೆ ಕೆಟ್ಟಂತೆಯೇ. ಈ ಕೆಲಸದಲ್ಲಿ ಕಳೆದ ಸಮಯದ ಮುಕ್ಕಾಲು ಪಾಲು ಹೋದದ್ದು ಆ ಮೊತ್ತದಲ್ಲಿ ಕಾಣದ ತಪ್ಪುಗಳನ್ನು ಹುಡುಕುವುದಕ್ಕೆ.

ಕೊನೆಗೆ ಉಳಿದ ಸಾಮಾನು

ಬಿಪಿಡಬ್ಲ್ಯು34 ಫೋಟೊಡಯೋಡ್ ಒಂದು. ಅದರ ಮುಂದೆ 3 ಮಿಲಿಮೀಟರ್ ದಪ್ಪದ ಆರ್‌ಜಿ695 ಕೆಂಪು ಗಾಜು. ಎಂಸಿಪಿ6022 ಆಪ್‌ಆಂಪ್, 100 ಕಿಲೋಓಮ್ ರೆಸಿಸ್ಟರ್, 5 ಪಿಕೊಫ್ಯಾರಡ್ ಕೆಪಾಸಿಟರ್. ಅಳೆಯುವ ಮಿಣುಕಿಗೆ, ಅಂದರೆ ಪ್ರತಿದೀಪ್ತಿ ಓದಲು ಕ್ಷಣಮಾತ್ರ ಹತ್ತಿ ಆರುವ ಬೆಳಕಿಗೆ, 470 ನ್ಯಾನೊಮೀಟರಿನ 5 ಮಿಲಿಮೀಟರ್ ನೀಲಿ ಎಲ್‌ಇಡಿ ಎರಡು. ಎಲೆಯನ್ನು ದುಡಿಸುವ ಬೆಳಕಿಗೂ ಝಳಪಿಗೂ ಸೇರಿ 625 ನ್ಯಾನೊಮೀಟರಿನ ಕೆಂಪು ಪವರ್ ಎಲ್‌ಇಡಿ ನಾಲ್ಕು, ಹೀಟ್‌ಸಿಂಕ್ ಸಮೇತ. ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್, ಎಲ್‌ಎಂ358, 0.5 ಓಮ್ 2 ವಾಟ್ ರೆಸಿಸ್ಟರ್, ಎಂಸಿಪಿ4725 ಡಿಎಸಿ (ಅಂಕಿಯನ್ನು ವೋಲ್ಟೇಜಾಗಿಸುವ ಚಿಪ್), ಎಲ್ಲವನ್ನೂ ನಡೆಸಲು ಟೀನ್ಸಿ 4.0 ಮೈಕ್ರೊಕಂಟ್ರೋಲರ್ ಬೋರ್ಡು. 12 ವೋಲ್ಟ್ 2 ಆಂಪಿಯರ್ ಪವರ್ ಸಪ್ಲೈ, 4700 ಮೈಕ್ರೊಫ್ಯಾರಡ್ ಕೆಪಾಸಿಟರ್. ಬೀಳುವ ಫೋಟಾನುಗಳನ್ನು ಅಳೆಯುವ ಕ್ವಾಂಟಂ ಸೆನ್ಸರ್ ಒಂದು ದಿನದ ಮಟ್ಟಿಗಾದರೂ ಕೈಗೆ ಸಿಗಲೇಬೇಕು. ಲಕ್ಸ್ ಮೀಟರಿನಿಂದ ಈ ಕೆಲಸ ಆಗುವುದಿಲ್ಲ. ಅದು ಮನುಷ್ಯನ ಕಣ್ಣಿಗೆ ಹೊಂದಿಸಿದ ಮೀಟರು. ಬಿಸಿಲಿಗೆ ಹೊಂದುವ 54 ಲಕ್ಸ್‌ಗೆ ಒಂದು ಮೈಕ್ರೊಮೋಲ್ ಎಂಬ ಲೆಕ್ಕ ಒಂದೇ ಬಣ್ಣದ ಎಲ್‌ಇಡಿಗೆ ಕೂಡುವುದಿಲ್ಲ.

(ಮುಂದೆ ಬರೀ ಮೈಕ್ರೊಮೋಲ್ ಎಂದಲ್ಲೆಲ್ಲ ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಬೀಳುವ ಫೋಟಾನುಗಳ ಲೆಕ್ಕ.)

ಹಂತ 1: ತಲೆ

ಎಲೆಯ ಮೇಲೆ ಕೂರುವ ಭಾಗವನ್ನು ತಲೆ ಎನ್ನೋಣ. ಕೆಳಗೆ 10 ಮಿಲಿಮೀಟರ್ ವ್ಯಾಸದ ಕಿಂಡಿ, ಅದರ ನೇರ ಮೇಲೆ 20 ಮಿಲಿಮೀಟರ್ ಎತ್ತರದಲ್ಲಿ ಫೋಟೊಡಯೋಡ್, ಸುತ್ತ 45 ಡಿಗ್ರಿ ಓರೆಯಲ್ಲಿ ಎಲ್‌ಇಡಿಗಳು. ಕೆಂಪು ಎಲ್‌ಇಡಿಗಳಿಗೂ ಎಲೆಗೂ ನಡುವೆ 18 ಮಿಲಿಮೀಟರ್.

ಮೊದಲು ಕಪ್ಪು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ 1.6 ಮಿಲಿಮೀಟರ್ ಗೋಡೆ ಇಟ್ಟು ತ್ರೀಡಿ ಪ್ರಿಂಟ್ ಮಾಡಿದ್ದು. ನೋಡಲು ಕಪ್ಪೇ. ಆದರೆ ಟಾರ್ಚ್ ಹಿಡಿದರೆ ಒಳಗೆ ಮಬ್ಬು ಕೆಂಪು ಕಾಣುತ್ತಿತ್ತು. ಕಣ್ಣಿಗೆ ಕಪ್ಪಾಗಿ ಕಾಣುವ ಎಷ್ಟೋ ಪ್ಲಾಸ್ಟಿಕ್ಕುಗಳು 700 ನ್ಯಾನೊಮೀಟರಿನ ಆಚೆಗೆ ಬೆಳಕು ಬಿಟ್ಟುಕೊಡುತ್ತವೆ. ಕತ್ತಲಲ್ಲಿರಬೇಕಾದ ಎಲೆಗೆ ಅದು ಕೂಡದು. ಗೋಡೆಯನ್ನು 3 ಮಿಲಿಮೀಟರಿಗೆ ಏರಿಸಿ, ಹೊರಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದ ಮೇಲೆ ಸರಿಹೋಯಿತು.

ಹಂತ 2: ಹಿಡಿಯುವ ಸರ್ಕಿಟ್

ಅಳೆಯುವ ಸಿಗ್ನಲ್ ತೀರ ಸಣ್ಣದು, ಝಳಪಿನ ಹೊತ್ತಿನಲ್ಲಿ ಅದರ ಮೇಲೆ ಕವಿಯುವ ಬೆಳಕು ಭಾರಿ. ಇವೆರಡನ್ನೂ ಒಂದೇ ಸರ್ಕಿಟ್ ತಾಳಿಕೊಳ್ಳಬೇಕು. ಇದರಲ್ಲಿ ಎರಡು ಬಾರಿ ಎಡವಿದೆ.

ಮೊದಲ ಸಲ ಕೈಯಲ್ಲಿದ್ದ ಎಲ್‌ಎಂ358ಕ್ಕೆ 1 ಮೆಗಾಓಮ್ ಹಾಕಿ ಹೆಚ್ಚು ಗೇನ್ ತೆಗೆಯಲು ಹೋದೆ. ಮಿಣುಕು 20 ಮೈಕ್ರೊಸೆಕೆಂಡ್ ಮಾತ್ರ ಉರಿಯುತ್ತದೆ. ಆ ಆಂಪ್ಲಿಫಯರ್ ಏರಿ ನಿಲ್ಲುವಷ್ಟರಲ್ಲಿ ಮಿಣುಕು ಆರಿರುತ್ತಿತ್ತು. ಆಸಿಲೋಸ್ಕೋಪಿನಲ್ಲಿ ಚೌಕದ ಬದಲು ಹಲ್ಲಿನಂಥ ತ್ರಿಕೋನ. ಎಂಸಿಪಿ6022ಕ್ಕೆ ಬದಲಾಯಿಸಿದ ಮೇಲೆ ಎರಡನೆಯ ತೊಂದರೆ ಎದುರಾಯಿತು: 1 ಮೆಗಾಓಮ್ ಇದ್ದರೆ 3.3 ಮೈಕ್ರೊಆಂಪಿಯರಿಗೇ ಔಟ್‌ಪುಟ್ 3.3 ವೋಲ್ಟ್ ತಲುಪಿ ನಿಂತುಬಿಡುತ್ತದೆ. ಝಳಪಿನಲ್ಲಿ ಎಲೆಯ ಪ್ರತಿದೀಪ್ತಿಯೊಂದೇ 10 ಮೈಕ್ರೊಆಂಪಿಯರ್ ಮೀರುತ್ತದೆ. ಹಾಗಾಗಿ ಎಫ್‌ಎಂ ಓದಬೇಕಾದ ಹೊತ್ತಿಗೇ ಮಾಪಕ ಕುರುಡಾಗುತ್ತಿತ್ತು.

ಪರಿಹಾರವೆಂದರೆ ಮೊದಲ ಹಂತದಲ್ಲಿ 100 ಕಿಲೋಓಮ್ ಮತ್ತು 5 ಪಿಕೊಫ್ಯಾರಡ್ ಮಾತ್ರ. ನಂತರ 10 ನ್ಯಾನೊಫ್ಯಾರಡ್ ಕೆಪಾಸಿಟರ್, ಅದಕ್ಕೆ 100 ಕಿಲೋಓಮ್, ಆಮೇಲೆ ಹತ್ತು ಪಟ್ಟು ಗೇನ್. ನಿಂತ ಬೆಳಕನ್ನು ಕೆಪಾಸಿಟರ್ ತಡೆಯುತ್ತದೆ, ಮಿಣುಕನ್ನು ಮಾತ್ರ ದಾಟಿಸುತ್ತದೆ. ಝಳಪು ಶುರುವಾದ ಮೊದಲ ಕೆಲವು ಮಿಲಿಸೆಕೆಂಡ್ ಎರಡನೆಯ ಹಂತ ತುದಿಗೆ ಬಡಿಯುತ್ತದೆ. ಅಲ್ಲಿನ ಓದುಗಳನ್ನು ಬಿಸಾಡುವುದೇ ಸರಿ, ಎಫ್‌ಎಂ ಬರುವುದು ಅದಾಗಿ ನೂರಾರು ಮಿಲಿಸೆಕೆಂಡ್ ಕಳೆದ ಮೇಲೆ.

ಹಂತ 3: ಅಳೆಯುವ ಮಿಣುಕು

ಪ್ರತಿ ಮಿಣುಕಿಗೆ ಮುಂಚೆ ನಾಲ್ಕು ಓದು, ಮಿಣುಕಿನ 12ನೆಯ ಮೈಕ್ರೊಸೆಕೆಂಡಿನ ನಂತರ ನಾಲ್ಕು ಓದು. ಎರಡರ ವ್ಯತ್ಯಾಸವೇ ಸಿಗ್ನಲ್. ಕೋಣೆಯ ದೀಪವಾಗಲಿ ಝಳಪಾಗಲಿ ಹೀಗೆ ಕಳೆದುಹೋಗುತ್ತದೆ.

ಉರಿಯುವ ಕ್ಷಣದಲ್ಲಿ ಮಿಣುಕು 500 ಮೈಕ್ರೊಮೋಲ್. ಸೆಕೆಂಡಿಗೆ 10 ಮಿಣುಕಾದರೆ ಸರಾಸರಿ 0.1 ಮೈಕ್ರೊಮೋಲ್, ಕತ್ತಲಿನ ಎಲೆ ಇದರಿಂದ ಎಚ್ಚರವಾಗುವುದಿಲ್ಲ. ಓದು ನಯವಾಗಿ ಬರಲಿ ಎಂದು ಒಮ್ಮೆ ಸೆಕೆಂಡಿಗೆ 100 ಇಟ್ಟು ನೋಡಿದೆ. ಅಂದರೆ 1 ಮೈಕ್ರೊಮೋಲ್. ಐದು ನಿಮಿಷದಲ್ಲಿ ಎಫ್‌ಒ 186 ಎಣಿಕೆಯಿಂದ (ಸಿಗ್ನಲ್‌ಗೆ ಬೋರ್ಡು ಕೊಡುವ ಅಂಕಿ) 199ಕ್ಕೆ ಏರಿತು, ಅಳೆಯುವ ಬೆಳಕೇ ಎಲೆಯನ್ನು ದುಡಿಸತೊಡಗಿತ್ತು. ಕತ್ತಲಿನಲ್ಲಿ 10ಕ್ಕಿಂತ ಹೆಚ್ಚು ಬೇಡ. ಝಳಪಿನ ಹೊತ್ತಿಗೆ ಮಾತ್ರ 500ಕ್ಕೆ ಏರಿಸಬೇಕು. ಝಳಪಿನ ಎಂಟು ಸಾವಿರ ಮೈಕ್ರೊಮೋಲ್ ಬೆಳಕಿನಲ್ಲಿ ಹೆಚ್ಚುವರಿ 5 ಲೆಕ್ಕಕ್ಕಿಲ್ಲ, ಅದರ 0.8 ಸೆಕೆಂಡಿನಲ್ಲಿ 400 ಬಿಂದುಗಳು ಸಿಗುತ್ತವೆ.

ನಡುನಡುವೆ ಕಾರಣವಿಲ್ಲದೆ ಒಂದೊಂದು ಓದು ನೆಗೆಯುತ್ತಿತ್ತು. ಯುಎಸ್‌ಬಿ ಇಂಟರಪ್ಟ್ (ಬೋರ್ಡನ್ನು ನಡುವೆ ಬೇರೆ ಕೆಲಸಕ್ಕೆ ಎಳೆಯುವ ಕರೆ) ಮಿಣುಕಿನ ನಡುವೆ ಬಂದು ಅದನ್ನು ಉದ್ದ ಮಾಡುತ್ತಿತ್ತು. ಮುಂಚಿನ ಓದೂ ಮಿಣುಕೂ ಸೇರಿದ ಆ 40 ಮೈಕ್ರೊಸೆಕೆಂಡ್ ಇಂಟರಪ್ಟ್‌ಗಳನ್ನು ಮುಚ್ಚಿದರೆ ಸಾಕು.

ಹಂತ 4: ದುಡಿಸುವ ಬೆಳಕು ಮತ್ತು ಝಳಪು

ನಾಲ್ಕು ಎಲ್‌ಇಡಿ ಸಾಲಾಗಿ, ಕೆಳಗೆ ಮಾಸ್‌ಫೆಟ್, ಅದರ ಕೆಳಗೆ 0.5 ಓಮ್. ಡಿಎಸಿ ಕೊಟ್ಟ ವೋಲ್ಟೇಜನ್ನು ಆರರಲ್ಲಿ ಒಂದಾಗಿ ಇಳಿಸಿ ಎಲ್‌ಎಂ358ಕ್ಕೆ ಕೊಟ್ಟರೆ 0ಯಿಂದ 1.1 ಆಂಪಿಯರ್‌ವರೆಗೆ ಬೇಕಾದ ಕರೆಂಟ್. ಹಂತ 2ರಲ್ಲಿ ನಿಧಾನವೆಂದು ತೆಗೆದ ಎಲ್‌ಎಂ358 ಇಲ್ಲಿಗೆ ತಕ್ಕದ್ದು. ಗೇಟಿಗೆ 100 ಓಮ್ ಮರೆಯಬಾರದು, ಇಲ್ಲದಿದ್ದರೆ ಸರ್ಕಿಟ್ ಕಂಪಿಸುತ್ತದೆ.

ಇಲ್ಲಿಯ ತಪ್ಪುಗಳು ಹೆಚ್ಚು, ಒಂದೊಂದೂ ಬೇರೆ ಬಗೆಯವು.

ಪಿಡಬ್ಲ್ಯುಎಂನಿಂದ, ಅಂದರೆ ದೀಪವನ್ನು ಬೇಗಬೇಗ ಆರಿಸಿ ಹತ್ತಿಸಿ, ಬೆಳಕು ಹೆಚ್ಚುಕಡಿಮೆ ಮಾಡಿದ್ದು ಮೊದಲನೆಯದು. 1 ಕಿಲೋಹರ್ಟ್ಸ್‌ನಲ್ಲಿ ಆರಿ ಹತ್ತುವ ದೀಪದ ಅಂಚು ಆಗೀಗ ಮಿಣುಕಿನ ಮುಂಚಿನ ಓದಿಗೂ ನಂತರದ ಓದಿಗೂ ನಡುವೆ ಬಿದ್ದು ಎಫ್‌ಎಸ್ ಅಲೆಯಂತೆ ಏರಿಳಿಯಿತು. ಎಲೆಯೇ ಹಾಗೆ ಆಡುತ್ತಿದೆ ಎಂದುಕೊಳ್ಳುವಷ್ಟು ನಿಧಾನದ ಅಲೆ ಅದು. ಈ ಕೆಲಸಕ್ಕೆ ನಿಂತ ಕರೆಂಟೇ ಬೇಕು.

ಎಂಸಿಪಿ4725 ಕಾರ್ಖಾನೆಯಿಂದ ಬರುವಾಗ ಅದರ ನೆನಪಿನಲ್ಲಿ ನಡುಮಟ್ಟದ ಅಂಕಿ ಬರೆದಿರುತ್ತದೆ. ಕರೆಂಟ್ ಕೊಟ್ಟ ಕೂಡಲೇ, ಪ್ರೋಗ್ರಾಂ ಶುರುವಾಗುವ ಮೊದಲೇ, ಎಲ್‌ಇಡಿಗಳು ಅರ್ಧ ಆಂಪಿಯರಿನಲ್ಲಿ ಧಗ್ಗೆಂದು ಹತ್ತಿಕೊಳ್ಳುತ್ತಿದ್ದವು. ಅರ್ಧ ಗಂಟೆ ಕತ್ತಲಲ್ಲಿ ಕಾಯಿಸಿದ ಎಲೆಯ ಮೇಲೆ ಸುಮಾರು 5500 ಮೈಕ್ರೊಮೋಲ್. ಡಿಎಸಿಯ ಆ ನೆನಪಿಗೆ (ಈಪ್ರಾಂ) ಒಮ್ಮೆ ಸೊನ್ನೆ ಬರೆದರೆ ಇದು ಮತ್ತೆ ಬಾರದು.

ಮೂರನೆಯದು ಬಣ್ಣದ ಆಯ್ಕೆ. ಮೊದಲು ಹಾಕಿದ್ದು 455 ನ್ಯಾನೊಮೀಟರಿನ ನೀಲಿ ಪವರ್ ಎಲ್‌ಇಡಿ, ಕೆಂಪು ಗಾಜಿನ ಮೂಲಕ ಸೋರುವುದಿಲ್ಲವೆಂಬ ಕಾರಣಕ್ಕೆ. 800 ಮೈಕ್ರೊಮೋಲ್ ನೀಲಿಯಲ್ಲಿ ರಕ್ಷಣೆಯ ಪಾಲು 25 ನಿಮಿಷ ಕಳೆದರೂ ನಿಲ್ಲದೆ ತೆವಳುತ್ತ ಏರಿತು. ಜೋರಾದ ನೀಲಿ ಬೆಳಕಿನಲ್ಲಿ ಪತ್ರಹರಿತ್ತಿನ ಕಣಗಳು ಕೋಶದ ಪಕ್ಕದ ಗೋಡೆಗಳಿಗೆ ಸರಿದು ನಿಲ್ಲುತ್ತವೆ. ಆಗ ಎಲೆ ಹೀರುವ ಬೆಳಕೇ ಕಡಿಮೆ, ಬೆಳಕಿನ ಎಫ್‌ಎಂ ಇಳಿಯುತ್ತದೆ, ಸೂತ್ರ ಅದನ್ನೂ ರಕ್ಷಣೆಯ ಪಾಲಿಗೆ ಸೇರಿಸಿಬಿಡುತ್ತದೆ. ಕೆಂಪಿಗೆ ಈ ಸರಿದಾಟವಿಲ್ಲ. 625ಕ್ಕೆ ಬದಲಿಸಿದ ಮೇಲೆ 12 ನಿಮಿಷದೊಳಗೆ ಮಟ್ಟ ನಿಂತಿತು. ಅಳೆಯುವ ಮಿಣುಕು ನೀಲಿಯಾಗಿಯೇ ಉಳಿದಿದೆ, 0.1 ಮೈಕ್ರೊಮೋಲಿಗೆ ಕಣಗಳು ಕದಲುವುದಿಲ್ಲ. ನೀಲಿ ಎಲೆಯ ಮೇಲ್ಪದರದಲ್ಲೇ ಹೀರಿಹೋಗುತ್ತದೆ, ಕೆಂಪು ಇನ್ನೂ ಕೆಳಗೆ ಇಳಿಯುತ್ತದೆ. ಹಾಗಾಗಿ ಈ ಮಾಪಕ ಹೇಳುವುದು ಮೇಲಿನ ಪದರಗಳ ಸುದ್ದಿ. ದಪ್ಪ ಎಲೆಯಲ್ಲಿ ಇದನ್ನು ಮರೆಯಬಾರದು.

ಇನ್ನು ಪವರ್ ಸಪ್ಲೈ. ಪ್ರತಿದೀಪ್ತಿ ಬೀರುವ ಕಿತ್ತಳೆಗೆಂಪು ಆಕ್ರಿಲಿಕ್ ತುಂಡೊಂದನ್ನು ಎಲೆಯ ಜಾಗದಲ್ಲಿಟ್ಟು ಝಳಪು ಕೊಟ್ಟೆ. ಪ್ಲಾಸ್ಟಿಕ್ಕಿಗೆ ದ್ಯುತಿಸಂಶ್ಲೇಷಣೆ ಇಲ್ಲವಲ್ಲ, ಓದು ಝಳಪಿಗೆ ಮುಂಚೆಯೂ ನಡುವೆಯೂ ಒಂದೇ ಇರಬೇಕು. ಇರಲಿಲ್ಲ: 640 ಇದ್ದದ್ದು 588ಕ್ಕೆ ಬಿತ್ತು, ಶೇಕಡಾ 8. ಝಳಪು ಎಳೆದ ಕರೆಂಟಿಗೆ 12 ವೋಲ್ಟ್ ಕುಸಿದು, ಅದೇ ತಂತಿಯಿಂದ ಉಣ್ಣುತ್ತಿದ್ದ ನೀಲಿ ಎಲ್‌ಇಡಿಗಳು ಮಂಕಾಗುತ್ತಿದ್ದವು. ಎಲೆಯ ಮೇಲೆ ಇದು ಮಾಡುವ ಹಾನಿ ನೋಡಿ. ಕತ್ತಲಿನ ಓದು 0.83 ಇರಬೇಕಾದದ್ದು 0.81, ಯಾರಿಗೂ ಸಂಶಯ ಬಾರದ ಅಂಕಿ. ಆದರೆ 1200 ಮೈಕ್ರೊಮೋಲಿನಲ್ಲಿ ಕೆಲಸದ ಪಾಲು 0.275 ಇರಬೇಕಾದದ್ದು 0.21. ನೀಲಿ ಎಲ್‌ಇಡಿಗಳಿಗೆ ಬೇರೆ 5 ವೋಲ್ಟ್ ರೆಗ್ಯುಲೇಟರ್ ಮತ್ತು ನಿಂತ ಕರೆಂಟ್ ಕೊಟ್ಟು, ಝಳಪಿನ ನೆಲದ ತಂತಿಯನ್ನು ನೇರ ಸಪ್ಲೈಗೆ ಎಳೆದು, 4700 ಮೈಕ್ರೊಫ್ಯಾರಡನ್ನು ಎಲ್‌ಇಡಿಗಳ ಪಕ್ಕದಲ್ಲೇ ಕೂರಿಸಿದ ಮೇಲೆ 640 ಇದ್ದದ್ದು 638. ಇಡೀ ಕೆಲಸದಲ್ಲಿ ಒಂದೇ ಒಂದು ಪರೀಕ್ಷೆ ಮಾಡಲು ಬಿಡುವಿದ್ದರೆ ಈ ಪ್ಲಾಸ್ಟಿಕ್ ತುಂಡಿನದನ್ನು ಮಾಡಿ.

ಹಂತ 5: ಸೊನ್ನೆ

ಎಲೆ ಇಲ್ಲದಾಗ ಮಾಪಕ ಸೊನ್ನೆ ತೋರಿಸಬೇಕು. ತೋರಿಸುವುದಿಲ್ಲ.

ಮೊದಲ ತಲೆಯಲ್ಲಿ ಮಿಣುಕಿಗೂ 625ರ ಕೆಂಪು ಎಲ್‌ಇಡಿಯನ್ನೇ ಹಾಕಿದ್ದೆ. ಮರಳುಕಾಗದ ಉಜ್ಜಿದ ಅಲ್ಯೂಮಿನಿಯಂ ಪಟ್ಟಿಯನ್ನು ಕಿಂಡಿಗೆ ಹಿಡಿದರೆ 310 ಎಣಿಕೆ. ಎಲೆಯ ಎಫ್‌ಒಗಿಂತ ಹೆಚ್ಚು! ಎಲ್‌ಇಡಿಯ ಬಣ್ಣಕ್ಕೆ ಉದ್ದ ಬಾಲ ಇರುತ್ತದೆ. 625ರದರ ಬಾಲದ ತುದಿ 695 ದಾಟುತ್ತದೆ, ಗಾಜು ಅದನ್ನು ಪ್ರತಿದೀಪ್ತಿಯಂತೆಯೇ ಒಳಗೆ ಬಿಡುತ್ತದೆ. ನಿಂತ ಬೆಳಕಾದರೆ ಕಳೆದುಹೋಗುತ್ತಿತ್ತು. ಆದರೆ ಇದು ಮಿಣುಕಿನದೇ ಬಾಲ, ಮಿಣುಕಿನ ಜೊತೆಗೇ ಹತ್ತಿ ಆರುತ್ತದೆ, ಕಳೆಯಲು ದಾರಿಯಿಲ್ಲ. ನೀಲಿಗೆ ಬದಲಿಸಿದ್ದು ಇದಕ್ಕೇ.

ನೀಲಿ ಹಾಕಿದ ಮೇಲೂ, ಕಿಂಡಿಯನ್ನು ಬರೀ ಕತ್ತಲೆಗೆ ತೆರೆದಿಟ್ಟಾಗ 40 ಎಣಿಕೆ ಉಳಿಯಿತು. ಎಲೆಯೂ ಇಲ್ಲ, ಪಟ್ಟಿಯೂ ಇಲ್ಲ, ಹಿಂದಿರುಗಿಸುವುದಕ್ಕೆ ಏನೂ ಇಲ್ಲ. ಹೊಳೆಯುತ್ತಿದ್ದದ್ದು ಕೆಂಪು ಗಾಜೇ. ಇಂಥ ಬಣ್ಣದ ಗಾಜಿಗೆ ನೀಲಿ ಬೆಳಕು ನೇರ ಬಿದ್ದರೆ ಅದೂ ತುಸು ಪ್ರತಿದೀಪ್ತಿ ಬೀರುತ್ತದೆ. ಎಲ್‌ಇಡಿಗಳ ಓರೆ ಕಿರಣ ಗಾಜಿನ ಅಂಚಿಗೆ ತಾಗುತ್ತಿತ್ತು. ಗಾಜಿನ ಸುತ್ತ 6 ಮಿಲಿಮೀಟರ್ ಉದ್ದದ ಕಪ್ಪು ಕೊಳವೆಯೊಂದನ್ನು ಕೊರಳಪಟ್ಟಿಯಂತೆ ಕೂರಿಸಿದೆ. 40 ಇದ್ದದ್ದು 6ಕ್ಕೆ ಇಳಿದು ಅಲ್ಲೇ ನಿಂತಿತು. ಹೊಳಪಿಲ್ಲದ ಕಪ್ಪು ಬಳಿದ ಪಟ್ಟಿ ಹಿಡಿದರೂ ಹೆಚ್ಚುಕಡಿಮೆ ಅಷ್ಟೇ. ಎಲೆ ನೀಲಿಯನ್ನು ಹಿಂದಕ್ಕೆ ಕಳಿಸುವುದು ತೀರ ಕಡಿಮೆಯಾದ್ದರಿಂದ ಈ ಕಪ್ಪು ಪಟ್ಟಿಯ ಓದನ್ನೇ ಸೊನ್ನೆಯೆಂದು ಹಿಡಿದು ಪ್ರತಿ ಸರದಿಯ ಮುಂಚೆ ಕಳೆಯುತ್ತೇನೆ.

40 ಎಣಿಕೆ ಕಳೆಯದೆ ಬಿಟ್ಟಿದ್ದರೆ ಏನಾಗುತ್ತಿತ್ತು? 1200 ಮೈಕ್ರೊಮೋಲಿನಲ್ಲಿ ನಿಜವಾದ ಮಟ್ಟಗಳು ಎಫ್‌ಎಸ್ 250, ಬೆಳಕಿನ ಎಫ್‌ಎಂ 345, ಎಫ್‌ಎಂ 1080. ಮೂರಕ್ಕೂ 40 ಸೇರಿಸಿ ಲೆಕ್ಕ ಹಾಕಿ. ಕೆಲಸದ ಪಾಲು 0.275ರಿಂದ 0.247ಕ್ಕೆ ಇಳಿಯುತ್ತದೆ, ಸೋರಿಕೆಯ ಪಾಲು 0.231ರಿಂದ 0.259ಕ್ಕೆ ಏರುತ್ತದೆ, ರಕ್ಷಣೆಯ ಪಾಲು ಮಾತ್ರ 0.494ರ ಹತ್ತಿರವೇ ಇರುತ್ತದೆ. ಮೂರನ್ನು ಕೂಡಿಸಿದರೆ ಆಗಲೂ 1. ಎಲೆ ಬಳಲಿದೆ, ಸೋರಿಕೆ ಹೆಚ್ಚಿದೆ ಎಂದು ಬರೆದುಕೊಳ್ಳುವಂಥ ಅಂಕಿಗಳು ಇವು. ಕಾರಣ ಮಾತ್ರ ಗಾಜಿನ ಅಂಚು.

ಹಂತ 6: ಬೆಳಕಿನ ಕೋಷ್ಟಕ

ಡಿಎಸಿಯ ಇಂತಿಷ್ಟು ಅಂಕಿಗೆ ಇಂತಿಷ್ಟು ಮೈಕ್ರೊಮೋಲ್ ಎಂಬ ಕೋಷ್ಟಕವನ್ನು ಕ್ವಾಂಟಂ ಸೆನ್ಸರಿನಿಂದ ಮಾಡಬೇಕು. ಕರೆಂಟಿಗೂ ಬೆಳಕಿಗೂ ನೇರ ಅನುಪಾತವಿಲ್ಲ, ಕನಿಷ್ಠ 15 ಬಿಂದು ಬೇಕು. ಸೆನ್ಸರಿನ ಬಿಳಿ ಮುಖ ಎಲೆ ಇರುವ ಎತ್ತರದಲ್ಲೇ ಇರಬೇಕು. ಮೊದಲ ಕೋಷ್ಟಕದಲ್ಲಿ ಅದು 3 ಮಿಲಿಮೀಟರ್ ಕೆಳಗಿತ್ತು. 18 ಮತ್ತು 21 ಮಿಲಿಮೀಟರಿನ ನಡುವೆ ಬೆಳಕು ಕಾಲು ಭಾಗಕ್ಕೂ ಹೆಚ್ಚು ಇಳಿಯುತ್ತದೆ. ಅಂದರೆ ಕೋಷ್ಟಕದಲ್ಲಿ 900 ಎಂದಿದ್ದಾಗ ಎಲೆಯ ಮೇಲೆ ಬೀಳುತ್ತಿದ್ದದ್ದು 1200ಕ್ಕೂ ಮೇಲೆ.

ಝಳಪು ಸಾಕಷ್ಟು ಜೋರಿದೆಯೇ ಎಂದು ಎಲೆಯನ್ನೇ ಕೇಳಬೇಕು. 500 ಮೈಕ್ರೊಮೋಲಿಗೆ ಹೊಂದಿಕೊಂಡ ಎಲೆಗೆ ಎರಡೆರಡು ನಿಮಿಷ ಬಿಟ್ಟು 2000, 4000, 6000, 8000, 10000ದ ಝಳಪು ಕೊಟ್ಟಾಗ ಬೆಳಕಿನ ಎಫ್‌ಎಂ 470, 502, 515, 520, 521. 8000ಕ್ಕೆ ಏರಿಕೆ ನಿಂತಿದೆ, ಅದನ್ನೇ ಇಟ್ಟುಕೊಂಡೆ. ಅವಧಿ 0.8 ಸೆಕೆಂಡ್. ಅದನ್ನು ಉದ್ದ ಮಾಡಿದರೆ ಮಟ್ಟ ಮತ್ತೆ ಬಾಗತೊಡಗುತ್ತದೆ. ಕೆಂಪು ಎಲ್‌ಇಡಿ ಬಿಸಿಯಾದಷ್ಟೂ ಮಂಕಾಗುವುದರಿಂದ 8000 ಎಂಬುದು ಝಳಪಿನ ಕೊನೆಯಲ್ಲಿ ಅಳೆದ ಅಂಕಿಯಾಗಿರಬೇಕು.

400 ಬಿಂದುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದನ್ನು ಎಫ್‌ಎಂ ಎಂದು ಆರಿಸಿದ್ದೂ ಒಂದು ತಪ್ಪು. ಗದ್ದಲವೇ ಗೆಲ್ಲುತ್ತದೆ, ಎಫ್‌ಎಂ ಯಾವಾಗಲೂ ಹೆಚ್ಚಾಗಿ ಬರುತ್ತದೆ. ಇಪ್ಪತ್ತು ಇಪ್ಪತ್ತರ ಸರಾಸರಿ ಸಾಗಿಸಿಕೊಂಡು ಅದರ ಗರಿಷ್ಠವನ್ನು ಹಿಡಿದೆ.

ಹಂತ 7: ಎಲೆಯ ಮೇಲೆ

ಬೀನ್ಸ್ ಗಿಡದ ಪೂರ್ತಿ ಬಲಿತ ಎಲೆ. ನಡುನರ ತಪ್ಪಿಸಿ ಚಪ್ಪಟೆ ಜಾಗಕ್ಕೆ ತಲೆ ಕಚ್ಚಿಸಿದ್ದು. 30 ನಿಮಿಷ ಕತ್ತಲೆ, ಎಫ್‌ಒ, ಒಂದು ಝಳಪು, ಎಫ್‌ಎಂ. ಎರಡು ನಿಮಿಷ ಬಿಟ್ಟು ಕೆಂಪು ಬೆಳಕು, 90 ಸೆಕೆಂಡಿಗೊಂದು ಝಳಪು, ಮಟ್ಟ ನಿಲ್ಲುವವರೆಗೆ. ಮೊದಲು ಕಡಿಮೆ ಬೆಳಕು, ಆಮೇಲೆ ಹೆಚ್ಚು.

ಅಷ್ಟು ಹೊತ್ತೂ ತಲೆ ಒಂದು ಕೂದಲೆಳೆಯಷ್ಟೂ ಸರಿಯಬಾರದು. ಕೆಲಸದ ಪಾಲಿಗೆ ಇದರಿಂದ ಹೆಚ್ಚು ಹಾನಿಯಿಲ್ಲ, ಅದರ ಎರಡು ಓದುಗಳೂ ಒಂದೇ ನಿಮಿಷದವು. ಆದರೆ ಸೋರಿಕೆ ಮತ್ತು ರಕ್ಷಣೆಯ ಪಾಲುಗಳು ಈಗಿನ ಓದನ್ನು ಅರ್ಧ ಗಂಟೆ ಹಿಂದಿನ ಎಫ್‌ಎಂ ಜೊತೆ ತೂಗುತ್ತವೆ. ಎಲೆ ಜಾರಿದರೆ, ಬಾಡಿ ಒಂದು ಮಿಲಿಮೀಟರ್ ಕೆಳಗೆ ಜೋತರೆ, ತೂಕವೇ ತಪ್ಪುತ್ತದೆ. ಎಲೆಯ ಕೆಳಗೆ ಮೀನು ಹಿಡಿಯುವ ನೈಲಾನ್ ದಾರವನ್ನು 4 ಮಿಲಿಮೀಟರಿಗೊಂದರಂತೆ ಬಿಗಿದು ಆಸರೆ ಕೊಟ್ಟೆ.

ದಾರವೇ ಏಕೆಂದರೆ, ಮೊದಲು ಕೆಳಗಿಟ್ಟಿದ್ದು ಕಪ್ಪು ಸ್ಪಂಜು. ಸುತ್ತಲೂ ಭದ್ರವಾಗಿ ಮುಚ್ಚಿದ್ದರಿಂದ ಒಳಗಿನ ಇಂಗಾಲದ ಡೈಆಕ್ಸೈಡ್ ಮುಗಿಯುತ್ತ ಬಂದು, ಹತ್ತನೆಯ ನಿಮಿಷದಿಂದ ಕೆಲಸದ ಪಾಲು ಇಳಿಯತೊಡಗಿತು. ಸ್ಪಂಜು ಸ್ವಲ್ಪ ಎತ್ತಿದರೆ ಎರಡು ಮೂರು ನಿಮಿಷದಲ್ಲಿ ಚೇತರಿಕೆ. ಈಗ ಕೆಳಭಾಗ ತೆರೆದಿದೆ, ಬೆಳಕು ನುಸುಳದಂತೆ ಅಂಕುಡೊಂಕು ದಾರಿಯ ಗಾಳಿಕಿಂಡಿ ಇದೆ, ಸಣ್ಣ ಫ್ಯಾನೊಂದು ಮೆಲ್ಲಗೆ ತಿರುಗುತ್ತದೆ.

ಹಂತ 8: ಬಂದ ಅಂಕಿಗಳು

ಸೊನ್ನೆ ಕಳೆದ ನಂತರ ಎಫ್‌ಒ 186, ಎಫ್‌ಎಂ 1080. ಇವೆರಡರ ವ್ಯತ್ಯಾಸವನ್ನು ಎಫ್‌ಎಂನಿಂದ ಭಾಗಿಸಿದರೆ 0.828. ಆರೋಗ್ಯವಾಗಿರುವ ಹಲವು ಜಾತಿಯ ಎಲೆಗಳಿಗೆ 1987ರಲ್ಲಿ ಬ್ಯೋರ್ಕ್‌ಮನ್ ಮತ್ತು ಡೆಮ್ಮಿಗ್ ಕಂಡ ಸರಾಸರಿ 0.83ರ ಆಸುಪಾಸಿನದು, ಅದಕ್ಕೆ ಹೊಂದುತ್ತದೆ. ಜೋಳದಂಥ ಸಿ4 ಗಿಡದಲ್ಲಿ ಇದಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ. 695ರ ಆಚೆ ಅಳೆಯುವಾಗ ಫೋಟೊಸಿಸ್ಟಂ 1ರ ಪ್ರತಿದೀಪ್ತಿಯೂ ತಳಮಟ್ಟಕ್ಕೆ ಸೇರಿಕೊಳ್ಳುತ್ತದೆ.

150 ಮೈಕ್ರೊಮೋಲ್: ಎಫ್‌ಎಸ್ 262, ಬೆಳಕಿನ ಎಫ್‌ಎಂ 780. ಕೆಲಸ 0.664, ರಕ್ಷಣೆ 0.093, ಸೋರಿಕೆ 0.243.

500 ಮೈಕ್ರೊಮೋಲ್: ಎಫ್‌ಎಸ್ 275, ಬೆಳಕಿನ ಎಫ್‌ಎಂ 520. ಕೆಲಸ 0.471, ರಕ್ಷಣೆ 0.274, ಸೋರಿಕೆ 0.255.

1200 ಮೈಕ್ರೊಮೋಲ್: ಎಫ್‌ಎಸ್ 250, ಬೆಳಕಿನ ಎಫ್‌ಎಂ 345. ಕೆಲಸ 0.275, ರಕ್ಷಣೆ 0.493, ಸೋರಿಕೆ 0.231.

ಬೆಳಕು ಎಂಟು ಪಟ್ಟು ಏರಿದರೂ ಸೋರಿಕೆ ಕಾಲು ಪಾಲಿನ ಸುತ್ತಲೇ ಇದೆ. ಕೆಲಸದಿಂದ ಬಿಟ್ಟುಹೋದದ್ದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ಷಣೆಯೇ ಹೊತ್ತುಕೊಂಡಿದೆ. ಇಷ್ಟು ನಾಜೂಕಾಗಿ ಎಲೆಯೊಂದು ಲೆಕ್ಕ ತೂಗಿಸಿಕೊಳ್ಳುವುದನ್ನು ಕಣ್ಣಾರೆ ಅಂಕಿಗಳಲ್ಲಿ ಕಂಡಾಗ ಹಿಂದಿನ ಹಂತಗಳ ದಣಿವು ಸಾರ್ಥಕವೆನಿಸುತ್ತದೆ. ಕೆಲಸದ ಪಾಲು ಇಳಿಯಿತೆಂದರೆ ಕೆಲಸ ಇಳಿಯಿತು ಎಂದಲ್ಲ. ಬೆಳಕಿನಿಂದ ಗುಣಿಸಿ, ಎಲೆ ಹೀರುವ ಅಂಶಕ್ಕೆ 0.84, ಎರಡು ಫೋಟೊಸಿಸ್ಟಂಗಳ ನಡುವಿನ ಹಂಚಿಕೆಗೆ 0.5 ಹಿಡಿದರೆ ಎಲೆಕ್ಟ್ರಾನ್ ಓಟ ಕ್ರಮವಾಗಿ 42, 99, 139 ಮೈಕ್ರೊಮೋಲ್. 0.84 ಮತ್ತು 0.5 ರೂಢಿಯ ಅಂಕಿಗಳು, ಈ ಎಲೆಯಲ್ಲಿ ಅಳೆದವಲ್ಲ. ತೆಳು ಹಸಿರಿನ ಎಲೆಗೆ 0.84 ಎಂಬುದು ಖಂಡಿತ ನಿಜಕ್ಕಿಂತ ಹೆಚ್ಚಾಗುತ್ತದೆ.

ಹಂತ 9: ಬೆಳಕು ಆರಿಸಿದ ಮೇಲೆ

1200ರ ಸರದಿ ಮುಗಿದ ಮೇಲೆ ತಲೆ ತೆಗೆಯದೆ ಬೆಳಕು ಮಾತ್ರ ಆರಿಸಿ ಎಫ್‌ಎಂ ಎಷ್ಟು ಹಿಂದಿರುಗುತ್ತದೆಂದು ನೋಡಿದೆ. ಮೂರು ಪಾಲಿನ ಲೆಕ್ಕ ಹೇಳದ ಸಂಗತಿ ಇಲ್ಲಿ ಸಿಗುತ್ತದೆ. ರಕ್ಷಣೆಯ ಪಾಲು ಎಂದು ಬರೆದ 0.493ರಲ್ಲಿ ಎಲೆ ಬೇಕೆಂದಾಗ ಹಾಕಿ ಬೇಡವಾದಾಗ ತೆಗೆಯುವ ಕೊಡೆ ಎಷ್ಟು, ಪೆಟ್ಟು ತಿಂದ ಫೋಟೊಸಿಸ್ಟಂ ಎಷ್ಟು ಎಂಬುದು ಸೂತ್ರಕ್ಕೆ ತಿಳಿಯದು. ಎರಡೂ ಎಫ್‌ಎಂ ಇಳಿಸುತ್ತವೆ. ಬೇಗ ಹಿಂದಿರುಗುವುದು ಮೊದಲನೆಯದು, ಗಂಟೆಗಟ್ಟಲೆ ಹಿಡಿಯುವುದು ಎರಡನೆಯದು.

345 ಇದ್ದದ್ದು 5 ನಿಮಿಷಕ್ಕೆ 790, 30 ನಿಮಿಷಕ್ಕೆ 1010. ಅಲ್ಲಿಂದ ಮುಂದೆ ಎರಡು ಗಂಟೆ ಕಾದರೂ 1030 ದಾಟಲಿಲ್ಲ. ಉಳಿದ 50 ಎಣಿಕೆ ಎಲೆಯ ನಿಜವಾದ ಪೆಟ್ಟೋ ಅಥವಾ ಮೂರು ಗಂಟೆಯಲ್ಲಿ ಎಲೆ ದಾರದ ಮೇಲೆ ತುಸು ಕುಗ್ಗಿ ದೂರ ಸರಿದದ್ದೋ ಎಂದು ಬೇರ್ಪಡಿಸಲು ಈಗಿನ ತಲೆಯಿಂದ ಆಗದು. ಅದಕ್ಕೆ ಎಫ್‌ಒ ನೋಡಬೇಕು. ಎಲೆ ದೂರ ಸರಿದಿದ್ದರೆ ಎಫ್‌ಒ ಕೂಡ ಅದೇ ಅನುಪಾತದಲ್ಲಿ ಇಳಿದಿರಬೇಕು. ಈ ಸರದಿಯಲ್ಲಿ ಕೊನೆಯ ಎಫ್‌ಒ ಬರೆದುಕೊಳ್ಳುವಂತೆ ಪ್ರೋಗ್ರಾಂಗೆ ಹೇಳಿರಲಿಲ್ಲ. ಈಗ ಆ ಸಾಲು ಸೇರಿಸಿದ್ದೇನೆ, ಪ್ರತಿ ಝಳಪಿನ ಹಿಂದಿನ 2 ಸೆಕೆಂಡಿನ ಸರಾಸರಿಯೂ ಕಡತಕ್ಕೆ ಹೋಗುತ್ತದೆ. ಮುಂದಿನ ಸರದಿ ಇದೇ ಗಿಡದ ಪಕ್ಕದ ಎಲೆಯ ಮೇಲೆ, ಇದೇ ಮೂರು ಬೆಳಕಿನಲ್ಲಿ.